ರೆಕ್ಕೆ ನಮ್ಮದು, ಎಂಜಿನ್ ಯಾರದು?

ಔರಾದ್ ತಾಲ್ಲೂಕಿನ ಸಂತಪುರದ ಹುಡುಗರಿಗೆ ಜೆಟ್ ವಿಮಾನ ಅಪರೂಪದ ವಸ್ತುವೇನಲ್ಲ. ಬೀದರ್, ಭಾಲ್ಕಿ, ಔರಾದ್ ಕಡೆಯ ಜನ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತ ಒಮ್ಮೆ ತಲೆ ಎತ್ತಿ ನೋಡುತ್ತಾರೆ, ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಸದ್ದು ಬಂದ ದಿಕ್ಕಿಗೆ ಕಣ್ಣು ಹಾಯಿಸುವಷ್ಟರಲ್ಲಿ ವಿಮಾನ ಮುಂದೆ ಸಾಗಿರುತ್ತದೆ.

ಇವು ಬೀದರ್ ವಾಯುನೆಲೆಯ 'ಹಾಕ್' ತರಬೇತಿ ವಿಮಾನಗಳು. ಯುದ್ಧವಿಮಾನ ನಡೆಸಬೇಕಾದ ತರುಣ ಪೈಲಟ್‌ಗಳ ಕೊನೆಯ ಹಂತದ ಕಲಿಕೆ ಇಲ್ಲಿ ನಡೆಯುತ್ತದೆ. 2016ರ ಜೂನ್‌ನಲ್ಲಿ ವಾಯುಪಡೆಯ ಯುದ್ಧವಿಮಾನ ವಿಭಾಗ ಸೇರಿದ ದೇಶದ ಮೊದಲ ಮೂವರು ಮಹಿಳೆಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಪಳಗಿದ್ದೂ ಬೀದರಿನ ಇದೇ ಬಾನಿನಲ್ಲಿ.

2004ರಲ್ಲಿ 66 ಹಾಕ್‌ಗಳಿಗೆ ಬ್ರಿಟನ್ನಿನೊಡನೆ ಒಪ್ಪಂದವಾಯಿತು. ಅವುಗಳಲ್ಲಿ 24 ಅಲ್ಲಿಂದಲೇ ಸಿದ್ಧವಾಗಿ ಬರಬೇಕು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕು ಎಂಬುದು ಕರಾರು. ಹಾಗಾದರೆ ಇದು ನಮ್ಮ ವಿಮಾನವೇ? ತಯಾರಿಕೆ ನಮ್ಮದು, ವಿನ್ಯಾಸ ಅವರದು. ಇದರ 'ಅಡೌರ್' ಎಂಜಿನ್ ಕೂಡ ಬ್ರಿಟನ್, ಫ್ರಾನ್ಸ್ ಜೊತೆಗೂಡಿ ರೂಪಿಸಿದ್ದು. ನೋಡಲು ಚಿಕ್ಕದಾದ ಈ ವ್ಯತ್ಯಾಸದ ಹಿಂದೆ ಏಳು ದಶಕಗಳ ಕಥೆಯಿದೆ.

1956ರ ಆಗಸ್ಟ್‌ನಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದಿಳಿದರು. ಶಬ್ದದ ಎರಡು ಪಟ್ಟು ವೇಗಕ್ಕೆ ಬೆಳೆಯಬಲ್ಲ ಯುದ್ಧವಿಮಾನವನ್ನು ರೂಪಿಸುವ ಹೊಣೆ ಅವರದಾಗಿತ್ತು. ಎಚ್‌ಎಎಲ್‌ಗೆ ಆಗ ಅಂಥ ಅನುಭವವೇ ಇರಲಿಲ್ಲ. ಮೊದಲು ಮರದಲ್ಲಿ ಪೂರ್ಣಗಾತ್ರದ ಎಂಜಿನ್‌ರಹಿತ ಗ್ಲೈಡರ್ ಮಾಡಿ, 1959ರಲ್ಲಿ ಹಾರಿಸಿ ನೋಡಿದರು. ಮುಂದೆ 1961ರ ಜೂನ್ 17ರಂದು ನಿಜವಾದ ವಿಮಾನ ಹಾರಿತು. ನಡೆಸಿದವರು ಪರೀಕ್ಷಾ ಪೈಲಟ್ ಸುರಂಜನ್ ದಾಸ್. ಅದೇ 'ಮಾರುತ್'.

ಮಾರುತ್‌ಗೆ ರೂಪವಿತ್ತು, ಬಲವಿರಲಿಲ್ಲ. ಟ್ಯಾಂಕ್ ನಂಬಿಕೊಂಡಿದ್ದು ಬ್ರಿಟನ್ನಿನ 'ಆರ್ಫಿಯಸ್ 12' ಎಂಬ ಎಂಜಿನ್ನನ್ನು. ಪೂರ್ತಿ ಬಲ ಹಾಕಿದಾಗ ಒಂದೊಂದೂ ಸುಮಾರು 3,700 ಕಿಲೋ ನೂಕುಬಲ ಕೊಡಬೇಕಿತ್ತು. ಆದರೆ ಬೇರೆ ಗಿರಾಕಿಗಳಿಲ್ಲದೆ ಆ ಎಂಜಿನ್ನಿನ ಅಭಿವೃದ್ಧಿ ನಿಂತಿತು. ಖರ್ಚು ಭರಿಸಿದರೆ ಮುಂದುವರಿಸುವ ಪ್ರಸ್ತಾಪ ಭಾರತದ ಮುಂದೆ ಬಂತು; ಸರ್ಕಾರ ಒಪ್ಪಲಿಲ್ಲ. ಕೊನೆಗೆ ಸುಮಾರು 2,200 ಕಿಲೋ ನೂಕುಬಲದ ಹಳೆಯ ಆರ್ಫಿಯಸ್‌ಗಳನ್ನೇ ಜೋಡಿಸಬೇಕಾಯಿತು. ಶಬ್ದದ ವೇಗ ಮುಟ್ಟುವುದಕ್ಕೇ ವಿಮಾನ ಏದುಸಿರು ಬಿಡುತ್ತಿತ್ತು! ಉಳಿಸಿದ ಹಣಕ್ಕಿಂತ ಕಳೆದುಕೊಂಡದ್ದೇ ಹೆಚ್ಚು ಎಂದು ಈಗ ಹೇಳುವುದು ಸುಲಭ. ಆದರೂ ಹೇಳಲೇಬೇಕಾದ ಮಾತು ಅದು.

ಪ್ರಯತ್ನ ಅಲ್ಲಿಗೇ ನಿಲ್ಲಲಿಲ್ಲ. ಈಜಿಪ್ಟ್ ರೂಪಿಸುತ್ತಿದ್ದ ಎಂಜಿನ್ನನ್ನು ಮಾರುತ್‌ಗೆ ಕೂರಿಸಿ ನೋಡಿದ್ದೂ ಆಯಿತು. ಆ ಯೋಜನೆಯೂ ಕೈಬಿಟ್ಟು ಹೋಯಿತು. ಎಂಜಿನ್ನಿನ ಬಾಲದಲ್ಲಿ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸಿ ಬಲ ಹೆಚ್ಚಿಸುವ ಮಾದರಿಯನ್ನು ಬೆಂಗಳೂರಿನಲ್ಲೇ ಪರೀಕ್ಷಿಸುತ್ತಿದ್ದಾಗ, 1970ರ ಜನವರಿ 10ರಂದು, ಸುರಂಜನ್ ದಾಸ್ ಅಪಘಾತದಲ್ಲಿ ಪ್ರಾಣ ತೆತ್ತರು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿಗೆ ಆ ಹೆಸರು ಯಾರದೆಂದು ಗೊತ್ತು?

ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಚೆನ್ನಾಗಿಯೇ ದುಡಿದವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಲ್ಲಿ ನೆಲೆಗೆ ಮರಳಿದ ಪ್ರಸಂಗಗಳಿವೆ. ಆರ್ಫಿಯಸ್ಸಿನ ದನಿ ಬೀದರಿನವರಿಗೂ ಪರಿಚಿತವೇ. 1996ರಲ್ಲಿ ಇಲ್ಲಿ ಹುಟ್ಟಿದ 'ಸೂರ್ಯಕಿರಣ' ತಂಡ 2011ರವರೆಗೆ ಕಸರತ್ತು ತೋರಿಸಿದ ಕಿರಣ್ ವಿಮಾನಗಳ ಹೊಟ್ಟೆಯಲ್ಲಿದ್ದದ್ದು ಅದೇ ಕುಟುಂಬದ ಎಂಜಿನ್. ಈಗ ತಂಡದ ಬಳಿಯಿರುವುದು ಹಾಕ್.

ಟ್ಯಾಂಕ್ ಬೆಂಗಳೂರಿಗೆ ಬರುವ ಒಂದು ತಿಂಗಳ ಮೊದಲು, 1956ರ ಜುಲೈನಲ್ಲಿ, ಚೀನಾದ ಶೆನ್ಯಾಂಗ್‌ನಲ್ಲಿ ಜೆ-5 ಎಂಬ ಯುದ್ಧವಿಮಾನ ಹಾರಿತ್ತು. ಅದು ಸೋವಿಯತ್ ಮಿಗ್-17ರ ಪಡಿಯಚ್ಚು. ಚೀನೀಯರು ಮೊದಲು ನಕಲು ಮಾಡಿದರು, ಆದರೆ ಎಂಜಿನ್ನನ್ನೂ ಸೇರಿಸಿ ಮಾಡಿದರು! ತಮಾಷೆಯೆಂದರೆ, ಆ ಸೋವಿಯತ್ ಎಂಜಿನ್ನಿನ ಮೂಲವೂ ಬ್ರಿಟನ್ನಿನ ರೋಲ್ಸ್ ರಾಯ್ಸ್. ಹಾಗೆಂದು ಅವರ ದಾರಿ ಸಲೀಸಾಗಿರಲಿಲ್ಲ. 1998ರಲ್ಲಿ ಹಾರಿದ ಜೆ-10ಕ್ಕೆ ರಷ್ಯಾದ ಎಂಜಿನ್ ಬೇಕಾಯಿತು. 2011ರಲ್ಲಿ ಹಾರಿದ, ರಾಡಾರ್ ಕಣ್ಣು ತಪ್ಪಿಸುವ ಜೆ-20ಕ್ಕೂ ಆರಂಭದಲ್ಲಿ ರಷ್ಯಾವೇ ಗತಿ. ಅವರ ಸ್ವಂತ 'ಡಬ್ಲ್ಯೂಎಸ್-10' ಎಂಜಿನ್ ಈ ವಿಮಾನಗಳಿಗೆ ಬಂದದ್ದು ಆಮೇಲೆ.

ಅಷ್ಟೇನು ಕಷ್ಟ ಎಂದು ವಿದ್ಯಾರ್ಥಿಗಳು ಕೇಳಬಹುದು. ಜೆಟ್ ಎಂಜಿನ್ ಮುಂದಿನಿಂದ ಗಾಳಿ ಹೀರಿ, ಒತ್ತಿ, ಇಂಧನ ಬೆರೆಸಿ ಉರಿಸಿ, ಹಿಂದಕ್ಕೆ ಉಗುಳುತ್ತದೆ. ಉರಿದ ಬಿಸಿ ಅನಿಲ ಹೊರಬೀಳುವ ಮುನ್ನ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಆ ಅನಿಲದ ಶಾಖ ಚಕ್ರದ ಅಲಗುಗಳ ಲೋಹವೇ ಕರಗುವ ಮಟ್ಟವನ್ನು ಮೀರಿರುತ್ತದೆ. ಆದರೂ ಅಲಗು ಕರಗಬಾರದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಹಿಗ್ಗಲೂಬಾರದು. ಅದಕ್ಕಾಗಿ ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ, ಒಳಗೆ ಕೂದಲೆಳೆಯಂಥ ರಂಧ್ರಗಳಲ್ಲಿ ಗಾಳಿ ಹಾಯಿಸಿ ತಂಪಾಗಿಡುತ್ತಾರೆ. ಈ ಗುಟ್ಟನ್ನು ಯಾವ ದೇಶವೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಬೆಂಗಳೂರಿನಲ್ಲೇ ರೂಪುಗೊಂಡ 'ತೇಜಸ್' 2001ರ ಜನವರಿ 4ರಂದು ಮೊದಲು ಹಾರಿತು. ಕೋಟ ಹರಿನಾರಾಯಣ ಅವರ ನೇತೃತ್ವದ ತಂಡ, 1998ರ ಅಣು ಪರೀಕ್ಷೆಯ ನಂತರ ಅಮೆರಿಕದ ನೆರವು ನಿಂತರೂ, ಹಾರಾಟ ನಿಯಂತ್ರಣದ ಕಂಪ್ಯೂಟರ್ ವ್ಯವಸ್ಥೆಯನ್ನು ಇಲ್ಲಿಯೇ ಪೂರ್ತಿಗೊಳಿಸಿತು. ಆದರೆ ತೇಜಸ್‌ಗೆಂದೇ ಕೈಗೊಂಡ 'ಕಾವೇರಿ' ಎಂಜಿನ್ ಸಾಕಷ್ಟು ಬಲ ಕೊಡಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ನೇ ಕೂತಿತು. 2021ರಲ್ಲಿ ಸುಧಾರಿತ ಮಾದರಿಯ 83 ತೇಜಸ್‌ಗಳಿಗೆ ಆದೇಶವಾಯಿತು, ಜೊತೆಗೆ 99 ಎಂಜಿನ್‌ಗಳಿಗೂ. ಆ ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ!

ಮಕ್ಕಳಿಗೆ ವಿಮಾನದ ಹುಚ್ಚಿದ್ದರೆ ಪೋಷಕರ ಮುಂದೆ ಎನ್‌ಡಿಎ ಪರೀಕ್ಷೆ ಒಂದೇ ಇಲ್ಲ. ಐಟಿಐ ಕಲಿತ ಫಿಟ್ಟರ್‌ನಿಂದ ಲೋಹಶಾಸ್ತ್ರದ ಸಂಶೋಧಕರವರೆಗೆ ಈ ಕೆಲಸಕ್ಕೆ ಎಲ್ಲರೂ ಬೇಕು. ಬೀದರಿನಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದಾಗ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಅಂಗಳದಲ್ಲಿ ಒಂದು ಮಾರುತ್ ನಿಂತಿದೆ. ಹಿಂದಕ್ಕೆ ಹೋಗಿ ನೋಡಿದರೆ ಆ ಉದ್ದನೆಯ ಮೈಯ ತುದಿಯಲ್ಲಿ ಎರಡು ಸಣ್ಣ ಕೊಳವೆಗಳ ಬಾಯಿ ಕಾಣುತ್ತದೆ.