ಕೂಸಿನ ಮನೆ ತೆರೆದರೆ ಅಕ್ಕ ಶಾಲೆಗೆ

ಯಾದಗಿರಿಯಿಂದ ಶಹಾಪುರದ ಕಡೆಗೆ ಭೀಮಾ ಸೇತುವೆ ದಾಟಿ ಒಳರಸ್ತೆ ಹಿಡಿದರೆ ಹತ್ತಿ ಹೊಲಗಳ ನಡುವೆ ಈ ಊರು. ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ ಎಲ್ಲವೂ ಕೂಗಳತೆಯಲ್ಲಿವೆ. ಆದರೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡದ್ದು ಶೇ 88.57.

ಕಾರಣ ಹುಡುಕಲು ಮೊದಲು ಹೋಗಿದ್ದು ಪಂಚಾಯಿತಿ ಕಚೇರಿಗೆ. ಮನೆ ಕಂದಾಯದ ಮೇಲೆ ಶೇ 15 ಆರೋಗ್ಯ ಕರ, ಶೇ 10 ಶಿಕ್ಷಣ ಕರ, ಶೇ 6 ಗ್ರಂಥಾಲಯ ಕರ. ಬಡವರೂ ಕಟ್ಟುವ ಹಣ ಇದು. ಆದರೆ ಮೇಷ್ಟ್ರ ಸಂಬಳ, ದವಾಖಾನೆಯ ಔಷಧಿ ಮೇಲಿನಿಂದಲೇ ನಿಗದಿಯಾಗಿ ಬರುತ್ತವೆ. ಅಲ್ಲಿ ಊರಿನ ಮಾತು ನಡೆಯದು. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ 60 ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಮಾತ್ರ ಸದಸ್ಯರ ಆಯ್ಕೆಗೆ ಜಾಗವಿತ್ತು. ಆ ಜಾಗವನ್ನು ಸಿ.ಸಿ. ರಸ್ತೆಯೇ ನುಂಗುವುದನ್ನು ಕಂಡರೆ ಸಂಕಟವಾಗುತ್ತದೆ.

ಶಾಲೆಯ ಕೋಣೆಗಳು ಗಟ್ಟಿಯಾಗಿವೆ. ಬಾಗಿಲಲ್ಲಿ ನಿಂತು ನೋಡಿದರೆ ಹಿಂದಿನ ಸಾಲಲ್ಲಿ ಹುಡುಗಿಯರ ಜಾಗ ಖಾಲಿ. ಹತ್ತಿ ಬಿಡಿಸುವ ಹಂಗಾಮು. ತಾಯಿ ಹೊಲಕ್ಕೆ, ಕೂಸು ಅಕ್ಕನ ಸೊಂಟಕ್ಕೆ. ಹೊಸ ಕಟ್ಟಡ ಎಷ್ಟೇ ಎದ್ದರೂ ಅದು ಕೂಸನ್ನು ಎತ್ತಿಕೊಳ್ಳುವುದಿಲ್ಲ.

ಆ ಕೆಲಸಕ್ಕಾಗಿಯೇ ಇರುವುದು ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಯೋಜನೆ. ಇಲ್ಲಿ ಹಳೆಯ ಕೋಣೆಯೊಂದಕ್ಕೆ ಸುಣ್ಣ ಬಳಿದು, ಚಾಪೆ ಹಾಸಿ, ಒಲೆ ಇಟ್ಟಿದ್ದಾರೆ. ನೋಡಿಕೊಳ್ಳುವವರು ತರಬೇತಿ ಪಡೆದ ಊರಿನ ಹೆಣ್ಣುಮಕ್ಕಳೇ. ಮೂರು ವರ್ಷದೊಳಗಿನ ಮಕ್ಕಳು ಬಿಸಿ ಅನ್ನ ಉಣ್ಣುತ್ತಾರೆ, ತೂಕ ಹಾಕಿಸಿಕೊಳ್ಳುತ್ತಾರೆ. ಉಪಕೇಂದ್ರದ ಸಿಸ್ಟರ್‌ಗೂ ಇದರಿಂದ ಅನುಕೂಲ: ಮನೆಮನೆ ಅಲೆಯುವ ಬದಲು ಲಸಿಕೆ ಬಾಕಿ ಇರುವ ಕೂಸುಗಳು ಒಂದೇ ಕಡೆ ಸಿಗುತ್ತವೆ. ಗುಳೆ ಹೋಗಿ ಬಂದ ಮನೆಗಳ ಕೂಸುಗಳನ್ನು ಹುಡುಕುವುದೇ ಆಕೆಗೆ ಕಷ್ಟದ ಕೆಲಸ.

ಒಂದು ಕೋಣೆಯ ಖರ್ಚಿನಲ್ಲಿ ಕೂಸಿನ ಆರೋಗ್ಯ, ಅಕ್ಕನ ಓದು, ತಾಯಿಯ ಕೂಲಿ ಮೂರೂ ಉಳಿಯಬಲ್ಲವು. ಇಷ್ಟು ಫಲ ಕೊಡುವ ಬೇರೆ ಕಾಮಗಾರಿ ಪಂಚಾಯಿತಿ ಕೈಯಲ್ಲಿ ನನಗೆ ಕಾಣುವುದಿಲ್ಲ. ಆದರೆ ಕೂಲಿ ಹೆಂಗಸರು ಬೆಳಕು ಹರಿಯುವ ಮೊದಲೇ ಟಂಟಂ ಗಾಡಿ ಹತ್ತುತ್ತಾರೆ. ಆಗ ಕೂಸಿನ ಮನೆ ತೆರೆದಿರದಿದ್ದರೆ ಕೂಸು ಅಕ್ಕನ ಸೊಂಟದಲ್ಲೇ ಉಳಿಯುತ್ತದೆ; ಅದರ ಬಾಗಿಲೂ ಆ ಹೊತ್ತಿಗೇ ತೆರೆಯಬೇಕು. ಅದಕ್ಕೆ ಬೇಕಾದ ಹಣವನ್ನು ಮುಂದಿನ ಗ್ರಾಮಸಭೆ ಕ್ರಿಯಾ ಯೋಜನೆಯಲ್ಲಿ ರಸ್ತೆಗಿಂತ ಮೊದಲೇ ಬರೆಸಿಕೊಳ್ಳಲಿ, ಬರುವ ಹತ್ತಿ ಹಂಗಾಮಿನೊಳಗೆ.