ಮರದ ಮೇಲಿನ ಠಸ್ಸೆ, ಪೈಪಿನ ವಯಸ್ಸು

ಹಳೆಯ ನಾಣ್ಯವಾದರೆ ಅದರ ಮೇಲೆ ಇಸವಿ ಇರುತ್ತದೆ. ಹಳೆಯ ಪುಸ್ತಕವಾದರೆ ಒಳಪುಟದಲ್ಲಿ ಮುದ್ರಣದ ವರ್ಷ ಸಿಗುತ್ತದೆ. ಆದರೆ ಹಳೆಯ ತಂಬಾಕು ಪೈಪೊಂದು ಎದುರಿಗಿದ್ದರೆ ಅದು 1926ರದೋ 1966ರದೋ ಎಂದು ನಿರ್ಧರಿಸುವುದು ಹೇಗೆ? ಆಕಾರವನ್ನು ನೋಡಿ ಹೇಳಲಾಗದು. ನೂರು ವರ್ಷಗಳಿಂದ ಅದು ಹೆಚ್ಚು ಬದಲಾಗಿಲ್ಲ. ಉತ್ತರವಿರುವುದು ತಂಬಾಕು ತುಂಬುವ ಬಟ್ಟಲು ಮತ್ತು ಬಾಯಿಗಿಡುವ ಕೊಳವೆಗಳ ನಡುವೆ, ಬೆರಳುದ್ದದ ಮರದ ಮೇಲೆ ಒತ್ತಿದ ಕೆಲವೇ ಅಕ್ಷರಗಳಲ್ಲಿ.

ಸೇದುವ ಚಟವಿಲ್ಲದೆ ಕೇವಲ ಸಂಗ್ರಹಕ್ಕಾಗಿ ಪೈಪು ಕೊಳ್ಳುವವರು ಯುರೋಪ್, ಅಮೆರಿಕಗಳಲ್ಲಿ ಸಾಕಷ್ಟಿದ್ದಾರೆ. ಅವರ ಪಾಲಿಗೆ ಈ ಠಸ್ಸೆಗಳೇ ಬೆಲೆಪಟ್ಟಿ. ಅರ್ಧ ಅಳಿಸಿದ ಅಂಕಿಯೊಂದನ್ನು ತಪ್ಪಾಗಿ ಓದಿದರೆ ಇಪ್ಪತ್ತು ವರ್ಷ ಹಿಂದುಮುಂದಾಗಬಹುದು, ಹಣವೂ ಕೈಬಿಡಬಹುದು.

ಇತಿಹಾಸದ ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸುವುದು ಐರ್ಲೆಂಡಿನ ಪೀಟರ್ಸನ್ ಪೈಪುಗಳು. ಡಬ್ಲಿನ್ ನಗರದ ಈ ಸಂಸ್ಥೆ ತನ್ನ ಪೈಪುಗಳ ಮೇಲೆ ತಯಾರಾದ ದೇಶದ ಹೆಸರನ್ನು ಒತ್ತುತ್ತಿತ್ತು. ಆದರೆ ಆ ದೇಶದ ಹೆಸರೇ ಮತ್ತೆ ಮತ್ತೆ ಬದಲಾಯಿತು. 1922ರ ಡಿಸೆಂಬರಿನಲ್ಲಿ 'ಐರಿಷ್ ಫ್ರೀ ಸ್ಟೇಟ್' ಅಸ್ತಿತ್ವಕ್ಕೆ ಬಂತು. 1937ರ ಸಂವಿಧಾನವು ದೇಶವನ್ನು 'ಐರೆ' ಎಂದು ಕರೆಯಿತು. 1949ರ ಏಪ್ರಿಲ್‌ನಲ್ಲಿ ಅದು ಗಣರಾಜ್ಯವಾಯಿತು. ಈ ಮೂರೂ ಹೆಸರುಗಳು ಪೈಪುಗಳ ಮೇಲೆ ಮೂಡಿವೆ. 'ಐರಿಷ್ ಫ್ರೀ ಸ್ಟೇಟ್' ಎಂದಿದ್ದರೆ ಅದು ಎರಡು ಮಹಾಯುದ್ಧಗಳ ನಡುವಿನದು. 'ಮೇಡ್ ಇನ್ ದಿ ರಿಪಬ್ಲಿಕ್ ಆಫ್ ಐರ್ಲೆಂಡ್' ಎಂದಿದ್ದರೆ 1949ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಒಂದು ರಾಷ್ಟ್ರದ ಸ್ವಾತಂತ್ರ್ಯದ ಹಾದಿಯನ್ನು ಸೇದುವ ಕೊಳವೆಯ ಮೇಲೆ ಓದಬಹುದೆಂದರೆ ಅದು ಸೋಜಿಗವೇ ಸರಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಂಸತ್ತಿನಲ್ಲಿ ಕಾಯ್ದೆ ಜಾರಿಯಾದ ದಿನವೇ ಕಾರ್ಖಾನೆಯ ಅಚ್ಚು ಬದಲಾಗುವುದಿಲ್ಲ. ಉಕ್ಕಿನ ಅಚ್ಚು ಸವೆಯುವ ತನಕ ಕೆಲಸಗಾರ ಅದನ್ನೇ ಬಳಸುತ್ತಾನೆ. ಆದ್ದರಿಂದ ಇಂತಹ ಠಸ್ಸೆಯು 'ಈ ವರ್ಷಕ್ಕಿಂತ ಮೊದಲಿನದಲ್ಲ' ಎಂದು ಖಚಿತವಾಗಿ ಹೇಳಬಲ್ಲದೇ ಹೊರತು 'ಈ ವರ್ಷದ ನಂತರದ್ದಲ್ಲ' ಎಂದು ಅಷ್ಟೇ ಖಚಿತವಾಗಿ ಹೇಳಲಾರದು. ಬರಿಯ 'ಮೇಡ್ ಇನ್ ಐರ್ಲೆಂಡ್' ಎಂಬುದಂತೂ ಒಂದಕ್ಕಿಂತ ಹೆಚ್ಚು ಕಾಲಘಟ್ಟಗಳಲ್ಲಿ ಬಳಕೆಯಾಗಿದ್ದು, ಅದೊಂದನ್ನೇ ನಂಬಿ ವರ್ಷ ನಿರ್ಧರಿಸುವುದು ಜಾಣತನವಲ್ಲ.

ಲಂಡನ್ನಿನ ಡನ್‌ಹಿಲ್ ಪೈಪುಗಳ ವಿಚಾರ ಬೇರೆ. ಆಲ್‌ಫ್ರೆಡ್ ಡನ್‌ಹಿಲ್ 1907ರಲ್ಲಿ ಡ್ಯೂಕ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದು, 1910ರಲ್ಲಿ ಸ್ವಂತ ತಯಾರಿಕೆ ಆರಂಭಿಸಿದರು. ಬಾಯಿಕೊಳವೆಯ ಮೇಲಿನ ಬಿಳಿಯ ಚುಕ್ಕೆಯೇ ಇವುಗಳ ಗುರುತೆಂದು ಅನೇಕರು ಬಲ್ಲರು. ಆದರೆ ಚುಕ್ಕೆಯಿಂದ ವಯಸ್ಸು ತಿಳಿಯದು. ಅದನ್ನು ನಕಲು ಮಾಡುವುದೂ ಕಷ್ಟವಲ್ಲ. ನೋಡಬೇಕಾದದ್ದು 'ಮೇಡ್ ಇನ್ ಇಂಗ್ಲೆಂಡ್' ಎಂಬ ಸಾಲಿನ ಕೊನೆಯನ್ನು. 1921ರಿಂದ ಅಲ್ಲಿ ವರ್ಷವನ್ನು ಸೂಚಿಸುವ ಅಂಕಿಯೊಂದನ್ನು ಒತ್ತುವ ಪದ್ಧತಿ ಆರಂಭವಾಯಿತು.

ಉದಾಹರಣೆಗೆ ಆ ಅಂಕಿ 6 ಎಂದಿಟ್ಟುಕೊಳ್ಳೋಣ. ಅದು ಇಂಗ್ಲೆಂಡ್ ಪದದ ಕೊನೆಯ 'ಡಿ' ಅಕ್ಷರದಷ್ಟೇ ದೊಡ್ಡದಾಗಿದ್ದರೆ 1960ಕ್ಕೆ 6 ಸೇರಿಸಬೇಕು, ಪೈಪು 1966ರದು. ಅದೇ ಅಂಕಿ ಚಿಕ್ಕದಾಗಿ, ತುಸು ಮೇಲಕ್ಕೆ ಏರಿ, ಕೆಳಗೊಂದು ಗೆರೆ ಎಳೆದುಕೊಂಡಿದ್ದರೆ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಆಗ ಪೇಟೆಂಟ್ ಸಂಖ್ಯೆ ಇದೆಯೇ ಎಂದು ಹುಡುಕಬೇಕು. 1954ರ ತನಕ ಸಾಮಾನ್ಯವಾಗಿ ಪೇಟೆಂಟ್ ಸಂಖ್ಯೆಯನ್ನೂ ಒತ್ತಲಾಗುತ್ತಿತ್ತು, ಅನಂತರ ಕೈಬಿಡಲಾಯಿತು. ಗೆರೆಯ ಮೇಲಿನ ಚಿಕ್ಕ 6ರ ಜೊತೆ ಪೇಟೆಂಟ್ ಸಂಖ್ಯೆ ಇಲ್ಲದಿದ್ದರೆ 1956, ಇದ್ದರೆ 1946. 1970ರ ನಂತರ ಎರಡಂಕಿ ಬರುತ್ತದೆ. 16 ಎಂದರೆ 1976. ಒಂದು ಸಣ್ಣ ಗೆರೆ ಕಾಣಿಸದೇ ಹೋದರೆ ದಶಕವೇ ಬದಲಾಗುವ ಈ ಪದ್ಧತಿಯನ್ನು ರೂಪಿಸಿದವರು ಮುಂದಿನವರ ಪಾಡನ್ನು ಯೋಚಿಸಿರಲಿಲ್ಲವೆಂದು ತೋರುತ್ತದೆ.

ಪೈಪಿನ ಕತ್ತಿಗೆ ಬೆಳ್ಳಿಯ ಕಟ್ಟು ಇದ್ದರೆ ಕೆಲಸ ಹಗುರ. ಬ್ರಿಟನ್ನಿನಲ್ಲಿ ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಗಳಿವೆ. ನಡೆಯುವ ಸಿಂಹವಿದ್ದರೆ ಅಪ್ಪಟ ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಂ, ಚಿರತೆಯ ಮುಖವಿದ್ದರೆ ಲಂಡನ್. ಚೆಸ್ಟರ್ ಕಚೇರಿ 1962ರಲ್ಲಿ ಮುಚ್ಚಿದ್ದರಿಂದ ಅದರ ಮುದ್ರೆಯುಳ್ಳ ಬೆಳ್ಳಿ ಅದಕ್ಕಿಂತ ಈಚಿನದಲ್ಲ. ಇವುಗಳ ಪಕ್ಕದಲ್ಲಿರುವ ಅಕ್ಷರವೇ ವರ್ಷ. ನಮ್ಮಲ್ಲಿಯೂ 2000ದಲ್ಲಿ ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಆರಂಭವಾದಾಗ ವರ್ಷಕ್ಕೊಂದು ಅಕ್ಷರವಿತ್ತು. 2017ರಿಂದ ಅದನ್ನು ಕೈಬಿಡಲಾಯಿತು. ಬ್ರಿಟನ್ನಿನಲ್ಲಿ ಅಕ್ಷರಮಾಲೆ ಮುಗಿದೊಡನೆ ಮತ್ತೆ 'ಎ'ಯಿಂದ ಆರಂಭಿಸುತ್ತಾರೆ. ಹೀಗಾಗಿ ಅಕ್ಷರದ ಜೊತೆಗೆ ಅದರ ಬರೆವಣಿಗೆಯ ಶೈಲಿ ಮತ್ತು ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಹೋಲಿಸಿ ನೋಡಬೇಕು.

ಮುದ್ರೆಯಂತೆ ಕಾಣುವುದೆಲ್ಲ ಮುದ್ರೆಯಲ್ಲ. ಪೀಟರ್ಸನ್ನಿನ ನಿಕ್ಕಲ್ ಕಟ್ಟಿನ ಪೈಪುಗಳ ಮೇಲೆ ಮೂರೆಲೆಯ ಶ್ಯಾಮ್‌ರಾಕ್, ಬೇಟೆನಾಯಿ ಮತ್ತು ದುಂಡು ಗೋಪುರದ ಚಿತ್ರಗಳಿವೆ. ನೋಡಲು ಥೇಟ್ ಬೆಳ್ಳಿಯ ಹಾಲ್‌ಮಾರ್ಕ್. ವಾಸ್ತವದಲ್ಲಿ ಅವು ಅಲಂಕಾರ ಮಾತ್ರ. ವರ್ಷವನ್ನೂ ಹೇಳವು, ಬೆಳ್ಳಿಯನ್ನೂ ಹೇಳವು. ಡಬ್ಲಿನ್‌ನ ನಿಜವಾದ ಬೆಳ್ಳಿಯ ಮುದ್ರೆಯಲ್ಲಿ ಕಿರೀಟಧಾರಿ ಹಾರ್ಪ್ ವಾದ್ಯ ಮತ್ತು ಕುಳಿತ ಹೈಬರ್ನಿಯಾ ದೇವಿಯ ಚಿತ್ರವಿರುತ್ತದೆ. ಇನ್ನು ಬೆಳ್ಳಿ ನಿಜವಾದದ್ದಾದರೂ ಅದು ಹೇಳುವುದು ಬೆಳ್ಳಿಯ ವಯಸ್ಸನ್ನು. ಸೀಳಿದ ಮರವನ್ನು ಬಿಗಿಯಲು ಹೊಸ ಕಟ್ಟು ಹಾಕಿಸುವ ರೂಢಿ ಹಿಂದೆಯೂ ಇತ್ತು.

ದೇಶದ ಹೆಸರೇ ಇಲ್ಲದ ಪೈಪುಗಳನ್ನು '1891ಕ್ಕಿಂತ ಹಿಂದಿನದು' ಎಂದು ಮಾರುವವರಿದ್ದಾರೆ. ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆಯು ಆ ವರ್ಷದಿಂದ ಆಮದು ಸರಕಿನ ಮೇಲೆ ಮೂಲ ದೇಶದ ಹೆಸರನ್ನು ಕಡ್ಡಾಯಗೊಳಿಸಿತು ಎಂಬುದು ಅವರ ವಾದಕ್ಕೆ ಆಧಾರ. ಕಾಯ್ದೆ ನಿಜ, ತೀರ್ಮಾನ ಮಾತ್ರ ದುರ್ಬಲ. ಸ್ವದೇಶದಲ್ಲೇ ಮಾರಾಟವಾದ ಪೈಪಿಗೆ ಅಮೆರಿಕದ ಕಾನೂನಿನ ಹಂಗೇನು?

ಮಣ್ಣಿನ ಪೈಪುಗಳಲ್ಲಿ ಮುದ್ರೆ ಇನ್ನೂ ಮೋಸಗೊಳಿಸುತ್ತದೆ. 'ಟಿಡಿ' ಎಂಬ ಎರಡಕ್ಷರಗಳನ್ನು ಹಲವು ತಯಾರಕರು ತಲೆಮಾರುಗಳ ಕಾಲ ಬಳಸಿದ್ದಾರೆ. ಹೀಗಾಗಿ ಪುರಾತತ್ವಜ್ಞರು ಬೇರೆ ದಾರಿ ಹಿಡಿದರು. ಕೊಳವೆಯ ಒಳರಂಧ್ರವು 1600ರಿಂದ 1800ರ ತನಕ ಕ್ರಮೇಣ ಕಿರಿದಾಗುತ್ತ ಬಂದಿರುವುದನ್ನು ಜೆ.ಸಿ. ಹ್ಯಾರಿಂಗ್ಟನ್ 1954ರಲ್ಲಿ ತೋರಿಸಿದರು. ಒಂದು ಅಂಗುಲದ 64ನೇ ಒಂದು ಭಾಗವನ್ನು ಮಾನವಾಗಿಟ್ಟುಕೊಂಡರೆ ಸುಮಾರು 1600ರಲ್ಲಿ 9 ಭಾಗವಿದ್ದ ರಂಧ್ರ 1750ರ ಬಳಿಕ 4ಕ್ಕೆ ಇಳಿದಿತ್ತು. ಆದರೆ ಒಂದೇ ತುಂಡಿನಿಂದ ವರ್ಷ ಹೇಳಲಾಗದು. ಒಂದೆಡೆ ದೊರೆತ ಅನೇಕ ತುಂಡುಗಳ ಸರಾಸರಿ ಬೇಕು.

ಮನೆಯ ಪೆಟ್ಟಿಗೆಯಲ್ಲಿ ಇಂತಹ ಪೈಪು ಸಿಕ್ಕರೆ ಮೊದಲು ಪಾಲಿಶ್ ಮಾಡಿಸಲು ಹೊರಡಬಾರದು. ಠಸ್ಸೆಯ ಆಳ ತೀರಾ ಕಡಿಮೆ. ಉಜ್ಜುವ ಚಕ್ರಕ್ಕೆ ಎರಡು ಬಾರಿ ಕೊಟ್ಟರೆ ಅಂಕಿಯ ಕೆಳಗಿನ ಆ ಗೆರೆ ಮಾಯವಾಗುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಭೂತಕನ್ನಡಿಯಲ್ಲಿ ನೋಡಿದರೆ ಅಳಿಸಿದಂತಿದ್ದ ಅಕ್ಷರಗಳೂ ನೆರಳಾಗಿ ಮೂಡುತ್ತವೆ. ಹಾಗೆಯೇ ಒಂದು ಛಾಯಾಚಿತ್ರ ತೆಗೆದಿಟ್ಟ ನಂತರವೇ ಸ್ವಚ್ಛಗೊಳಿಸುವ ಮಾತು.