ನಾಲಗೆಯ ಅಪೂರ್ವವಾದ ಗಂತಿಗಳು

ಕೊಡಗಿನಲ್ಲಿ ಎಲೆಯಡಕೆಯೊಡನೆ ಹೊಗೆಸೊಪ್ಪನ್ನು ಮೆಲ್ಲುವವರು ಅಪರೂಪವಲ್ಲ. ಆದುದರಿಂದ ನಾಲಗೆಯಲ್ಲಿ ಗಟ್ಟಿಯಾದ ಗಂತಿಯೊಂದು ಕಂಡೊಡನೆ ವೈದ್ಯರ ಶಂಕೆಯು ಕ್ಯಾನ್ಸರಿನ ಕಡೆಗೆ ತಿರುಗುವುದು ಸಹಜವೇ ಸರಿ. ಆದರೆ ಶಂಕೆಯನ್ನೇ ನಿರ್ಣಯವೆಂದು ಭಾವಿಸಿದರೆ ರೋಗಿಯು ನಿಷ್ಕಾರಣವಾಗಿ ನಾಲಗೆಯ ಬಹುಭಾಗವನ್ನು ಕಳೆದುಕೊಳ್ಳಬೇಕಾದೀತು.

ಕಣಕೋಶಗಂತಿಯು ಇದಕ್ಕೆ ಉತ್ತಮ ನಿದರ್ಶನ. ರಷ್ಯದ ಅಬ್ರಿಕೋಸಾಫ್ ಎಂಬ ವಿದ್ವಾಂಸನು 1926ರಲ್ಲಿ ಇದನ್ನು ವರ್ಣಿಸಿ, ಸ್ನಾಯುವಿನಿಂದ ಹುಟ್ಟುವುದೆಂದು ಬಗೆದನು. ನರತಂತುಗಳನ್ನು ಸುತ್ತಿರುವ ಶ್ವಾನ್ ಕೋಶಗಳೇ ಇದರ ಮೂಲವೆಂದು ಈಗ ಒಪ್ಪಲಾಗಿದೆ. ಬಾಯಿಯಲ್ಲಿ ಇದರ ಮುಖ್ಯಸ್ಥಾನ ನಾಲಗೆ. ನೋವಿಲ್ಲದೆ ಮೆಲ್ಲನೆ ಬೆಳೆಯುವುದು. ಸಾಮಾನ್ಯವಾಗಿ 2 ಸೆಂಟಿಮೀಟರನ್ನು ಮೀರದು. ಇದರ ಮೇಲಣ ಚರ್ಮಪೊರೆಯು ಕೆಲವೊಮ್ಮೆ ದಪ್ಪವಾಗಿ, ಬೇರುಗಳಂತೆ ಕೆಳಗಿಳಿದು, ಸೂಕ್ಷ್ಮದರ್ಶಕದಲ್ಲಿಯೂ ಕ್ಯಾನ್ಸರಿನಂತೆಯೇ ತೋರುವುದು. ಮೇಲುಮೇಲಿನ ಚೂರನ್ನು ಮಾತ್ರ ಕತ್ತರಿಸಿ ಕಳುಹಿಸಿದಾಗ, ಪರೀಕ್ಷಕನು ಎಷ್ಟೇ ನಿಪುಣನಾಗಿದ್ದರೂ ಮೋಸಹೋಗಬಹುದು. ಚೂರು ಆಳವಾಗಿದ್ದರೆ ಕಣಗಳಿಂದ ತುಂಬಿದ ಕೋಶಗಳು ಕಾಣುವುವು. ಎಸ್-100 ಎಂಬ ಪ್ರೋಟೀನನ್ನು ತೋರಿಸುವ ಬಣ್ಣದ ಪರೀಕ್ಷೆಯು ಆ ನಿರ್ಣಯಕ್ಕೆ ಬಲಕೊಡುವುದು.

ಶ್ವಾನ್ ಕೋಶಗಳಿಂದಲೇ ಹುಟ್ಟುವ ಇನ್ನೊಂದು ಗಂತಿ ಶ್ವಾನೋಮ. ಇದಕ್ಕೆ ಕೋಶವೇಷ್ಟನವುಂಟು, ಆದುದರಿಂದ ಕೊಡಗಿನ ಕಿತ್ತಳೆಯನ್ನು ಸಿಪ್ಪೆಯಿಂದ ಬಿಡಿಸಿದಂತೆ, ನರಕ್ಕೆ ಹಾನಿಯಾಗದ ಹಾಗೆ ಬಿಡಿಸಬಹುದು. ಕಣಕೋಶಗಂತಿಗೆ ವೇಷ್ಟನವಿಲ್ಲ. ಅದನ್ನು ಸುತ್ತಲಿನ ಸ್ವಲ್ಪ ಆರೋಗ್ಯವಾದ ಭಾಗದೊಡನೆ ತೆಗೆಯಬೇಕು. ಒಂದೇ ಮೂಲದ ಎರಡು ಗಂತಿಗಳಿಗೆ ಶಸ್ತ್ರಕ್ರಮ ಹೀಗೆ ಬೇರೆ.

ರಕ್ತನಾಳಗಂತಿಯ ವಿಷಯದಲ್ಲಿ ಮಾತ್ರ ಕತ್ತಿಗೆ ಅವಸರ ಸಲ್ಲದು. ನೀಲಿ ಅಥವಾ ಕೆಂಪು ಬಣ್ಣದ ಗಂತಿಯನ್ನು ಗಾಜಿನ ಪಟ್ಟಿಯಿಂದ ಒತ್ತಿದಾಗ ಬಿಳಿಚಿದರೆ, ಮೊದಲು ಚಿತ್ರಪರೀಕ್ಷೆಯನ್ನು ಮಾಡಿಸಬೇಕು. ಮಕ್ಕಳಲ್ಲಿ ವಾರಗಳೊಳಗೆ ಬೆಳೆಯುವ ಗಂತಿಯು ಸ್ನಾಯುಮೂಲದ ಮಾರಕ ಸಾರ್ಕೋಮವಾಗಿರಬಹುದು. ಅಲ್ಲಿ ವಿಳಂಬವೇ ಅಪಾಯಕರ.

ಇಂತಹ ಗಂತಿಗಳು ಹಲ್ಲುನೋವಿಗೆಂದು ಬಂದವರಲ್ಲಿ ಅಕಸ್ಮಾತ್ತಾಗಿ ಕಾಣಸಿಗುವುದುಂಟು. ವಿರಾಜಪೇಟೆಯಲ್ಲಿ 1999ರಲ್ಲಿ ಆರಂಭವಾದ ದಂತವೈದ್ಯ ಮಹಾವಿದ್ಯಾಲಯವಿರುವುದರಿಂದ ಪರೀಕ್ಷೆಗಾಗಿ ದೂರದ ಪಟ್ಟಣಗಳಿಗೆ ಹೋಗಲೇಬೇಕೆಂದಿಲ್ಲ. ಮಾರಕವೆಂದು ತಿಳಿದುಬಂದಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಸ್ಥಳಕ್ಕೆ ಕಳುಹಿಸುವುದು ಯುಕ್ತ. ತೆಗೆದ ಚೂರು ಸಾಸಿವೆಯಷ್ಟಿದ್ದರೂ ಅದನ್ನು ಎಸೆಯದೆ, ಅದರ ಹತ್ತು ಪಾಲು ಪ್ರಮಾಣದ, ಶೇಕಡಾ 10ರ ಫಾರ್ಮಲಿನ್ ದ್ರವದಲ್ಲಿಟ್ಟು, ಯಾವ ಸ್ಥಳದಿಂದ ಎಷ್ಟು ಆಳಕ್ಕೆ ತೆಗೆದುದೆಂಬುದನ್ನು ಚೀಟಿಯಲ್ಲಿ ಬರೆದು ಕಳುಹಿಸಬೇಕು.